ವ್ಯಸನಿಯ ಚಿಕಿತ್ಸೆಯೂ ನ್ಯಾಯಪೀಠವೂ

(ಮಠದ ಮಹೋತ್ಸವದ ನಿಮಿತ್ತವಾಗಿ ವಾಮಂಜೂರಿನ ಭಕ್ತರ ಸಭೆಯಲ್ಲಿ ಓದಿದ ಉಪನ್ಯಾಸ)

ಶ್ರೀ ಗುರುಬಸವಲಿಂಗಾಯ ನಮಃ

 

ಮಠದ ಮಹೋತ್ಸವವು ಹಿಂದಿನ ಪುಣ್ಯಪುರುಷರನ್ನು ನೆನೆದು ಸಂತೋಷಪಡುವ ಕಾಲವು. ಅದರೊಡನೆಯೇ ಮುಂದಿನ ಪೀಳಿಗೆಗಾಗಿ ಹೊರಬೇಕಾದ ಹೊಣೆಯನ್ನು ತೂಗಿ ನೋಡತಕ್ಕ ಕಾಲವೂ ಅಹುದು. ಗುರುವು ಶಿಷ್ಯನಿಗೆ ಲಿಂಗವನ್ನು ಕೊಟ್ಟು ಕೈಬಿಡುವವನಲ್ಲ. ಕೊಟ್ಟ ಲಿಂಗವು ಅಂಗದ ಮೇಲೆ ನಿಂತಿತೋ ಇಲ್ಲವೋ ಎಂದು ಮರಳಿ ಮರಳಿ ನೋಡುವವನು. ಇಂದಿನ ಉಪನ್ಯಾಸದ ವಿಷಯವು ಮಾದಕದ್ರವ್ಯಗಳ ವ್ಯಸನಕ್ಕೆ ಸಿಕ್ಕಿ, ಅದೇ ಕಾರಣದಿಂದ ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲುವ ತರುಣರ ಚಿಕಿತ್ಸೆಯು. ಅದು ಯಾವ ಕಾರಣಗಳಿಂದ ಫಲಿಸುತ್ತದೆ, ಯಾವ ಕಾರಣಗಳಿಂದ ಕೆಡುತ್ತದೆ ಎಂಬುದನ್ನು ವಿಚಾರಮಾಡುತ್ತ ಹೋದರೆ, ಕೊನೆಗೆ ಗುರುವಿನ ಆ ಮರಳಿ ನೋಡುವ ಕಣ್ಣಿನ ಬಳಿಗೇ ಬಂದು ನಿಲ್ಲಬೇಕಾಗುತ್ತದೆ.

ಮಂಗಳೂರಿನಿಂದ ಮೂಡಬಿದರೆಗೆ ಹೋಗುವ ಹೆದ್ದಾರಿಯಲ್ಲಿ, ಗುರುಪುರದ ಹೊಳೆಯನ್ನು ದಾಟುವುದಕ್ಕೆ ಮೊದಲು ಸಿಕ್ಕುವ ಈ ವಾಮಂಜೂರು ಈಗ ಮಹಾನಗರದೊಳಗೆ ಸೇರಿಹೋಗಿದೆ. ಸಮೀಪದಲ್ಲಿಯೇ ಪಿಲಿಕುಳದ ನಿಸರ್ಗಧಾಮವಿದೆ. ಇಂಜಿನಿಯರಿಂಗ್ ಕಾಲೇಜೂ ಇದೆ. ಪರವೂರುಗಳಿಂದ ಬಂದ ವಿದ್ಯಾರ್ಥಿಗಳು, ಕಟ್ಟಡದ ಕೆಲಸಕ್ಕಾಗಿ ಬಂದವರು, ತಲೆತಲಾಂತರದಿಂದ ಇಲ್ಲಿಯೇ ಇದ್ದವರು, ಎಲ್ಲರೂ ಒಂದೇ ರಸ್ತೆಯಲ್ಲಿ ನಡೆದಾಡುತ್ತಾರೆ. ಇಂಥ ಊರಿನಲ್ಲಿ ಒಬ್ಬ ತರುಣನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಇದು ಯಾವ ಒಂದು ಮನೆಯ ಮಾತೂ ಅಲ್ಲ. ಆದರೆ ಎಷ್ಟೋ ಮನೆಗಳಲ್ಲಿ ನಡೆಯಬಹುದಾದ ಮಾತು. ಅವನ ವಯಸ್ಸು ಇಪ್ಪತ್ತೊಂದು. ತಂದೆಯು ಲಾರಿ ನಡೆಸುತ್ತಾನೆ; ತಾಯಿಯು ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಾಳೆ. ಗೆಳೆಯರ ಸಹವಾಸದಿಂದ ಗಾಂಜಾ ಸೇದುವುದನ್ನು ಕಲಿತ ಹುಡುಗನು ಎರಡು ವರ್ಷಗಳಲ್ಲಿ ಓದನ್ನು ಬಿಟ್ಟನು, ಮನೆಯಲ್ಲಿ ಮಾತನ್ನು ಬಿಟ್ಟನು. ಒಂದು ರಾತ್ರಿ ಪೊಲೀಸರು ಹಿಡಿದಾಗ ಅವನ ಕಿಸೆಯಲ್ಲಿ ಕೆಲವು ಗ್ರಾಂ ಗಾಂಜಾ ಇತ್ತು. ಮರುದಿನ ನ್ಯಾಯಾಲಯದ ಹೊರಗೆ ನಿಂತ ತಾಯಿಯು ವಕೀಲರನ್ನು ಕೇಳಿದ ಪ್ರಶ್ನೆಯು ಒಂದೇ: “ಸ್ವಾಮೀ, ಮಗ ಇನ್ನು ಸರಿಯಾದಾನೋ?”

ದಂಡ ಎಷ್ಟು, ಶಿಕ್ಷೆ ಎಷ್ಟು ಎಂಬುದನ್ನು ವಕೀಲರು ಹೇಳಬಲ್ಲರು. ತಾಯಿಯ ಪ್ರಶ್ನೆಗೆ ಉತ್ತರವು ಕಾಯಿದೆಯ ಪುಸ್ತಕದಲ್ಲಿ ಸಂಪೂರ್ಣವಾಗಿ ಇರುವುದಿಲ್ಲ. ತಪ್ಪನ್ನು ಒಪ್ಪಿಕೊಂಡು ದಂಡವನ್ನು ಕಟ್ಟಿ ಹೊರಬರುವುದು ಸುಲಭವಾದ ದಾರಿ. ಆದರೆ ಆ ದಂಡವು ತಾಯಿಯು ಬೀಡಿ ಕಟ್ಟಿ ಕೂಡಿಸಿದ ಹಣವಾಗಿರುತ್ತದೆ. ಕಟ್ಟಿದ ಮೇಲೆ ಮೊಕದ್ದಮೆಯು ಮುಗಿಯುತ್ತದೆ, ರೋಗವು ಮುಗಿಯುವುದಿಲ್ಲ.

ಈ ವ್ಯಸನವು ಕೆಲವೇ ಮನೆಗಳ ದುರದೃಷ್ಟವೆಂದು ತಿಳಿಯತಕ್ಕದ್ದಲ್ಲ. 2019ರಲ್ಲಿ ಪ್ರಕಟವಾದ ಭಾರತ ಸರಕಾರದ ಸಮೀಕ್ಷೆಯನ್ನು ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ವೈದ್ಯರು ನಡೆಸಿದರು. ಅದರ ಪ್ರಕಾರ ಹತ್ತರಿಂದ ಎಪ್ಪತ್ತೈದು ವರ್ಷ ವಯಸ್ಸಿನವರಲ್ಲಿ ಸುಮಾರು 16 ಕೋಟಿ ಜನರು ಮದ್ಯವನ್ನೂ, 3.1 ಕೋಟಿ ಜನರು ಭಂಗಿ-ಗಾಂಜಾಗಳನ್ನೂ, 2.26 ಕೋಟಿ ಜನರು ಅಫೀಮಿನ ಜಾತಿಯ ದ್ರವ್ಯಗಳನ್ನೂ ಸೇವಿಸುತ್ತಿದ್ದರು. ಕರಾವಳಿಯೂ ಇದರಿಂದ ದೂರವಾಗಿಲ್ಲ. 2025ರ ಮಾರ್ಚ್ ತಿಂಗಳಲ್ಲಿ ಮಂಗಳೂರಿನ ಪೊಲೀಸರು ಬೆಂಗಳೂರಿನಲ್ಲಿ ಇಬ್ಬರು ವಿದೇಶೀಯ ಸ್ತ್ರೀಯರನ್ನು ಹಿಡಿದಾಗ ವಶಪಡಿಸಿಕೊಂಡ ಎಂಡಿಎಂಎ ಎಂಬ ದ್ರವ್ಯವು 37 ಕಿಲೋಗ್ರಾಮಿಗೂ ಹೆಚ್ಚಾಗಿತ್ತು. ಅದರ ಬೆಲೆಯು 75 ಕೋಟಿ ರೂಪಾಯಿಗಳೆಂದು ಪೊಲೀಸರು ತಿಳಿಸಿದರು. ಅಂಥ ಮೂಟೆಯು ಗ್ರಾಮುಗಳಾಗಿ ಒಡೆದು ಹರಡಿದಾಗ ಎಷ್ಟು ತರುಣರ ಕಿಸೆಗಳನ್ನು ಮುಟ್ಟೀತೆಂಬುದನ್ನು ಊಹಿಸಬಹುದು.

ಇಲ್ಲಿ ಒಂದು ಭೇದವನ್ನು ಮೊದಲು ತಿಳಿಯಬೇಕು. ಮೂಟೆಯನ್ನು ಮಾರುವವನೂ ಕಿಸೆಯಲ್ಲಿಟ್ಟು ಸೇವಿಸುವವನೂ ಕಾಯಿದೆಯ ಕಣ್ಣಿನಲ್ಲಿ ಒಬ್ಬರೇ ಅಲ್ಲ. 1985ರ ಮಾದಕದ್ರವ್ಯಗಳ ಕಾಯಿದೆಯು ಈಗ ಅಲ್ಪಪ್ರಮಾಣ, ವಾಣಿಜ್ಯಪ್ರಮಾಣ ಎಂಬ ವಿಭಾಗವನ್ನು ಮಾಡಿದೆ. ಗಾಂಜಾದಲ್ಲಿ ಒಂದು ಕಿಲೋಗ್ರಾಮಿನವರೆಗೆ ಅಲ್ಪಪ್ರಮಾಣ, 20 ಕಿಲೋಗ್ರಾಮಿನಿಂದ ಆಚೆಗೆ ವಾಣಿಜ್ಯಪ್ರಮಾಣ. ಎಂಡಿಎಂಎದಲ್ಲಿಯಾದರೆ ಅರ್ಧ ಗ್ರಾಂ ಅಲ್ಪ, ಹತ್ತು ಗ್ರಾಮಿನಿಂದ ಆಚೆಗೆ ವಾಣಿಜ್ಯ. ವ್ಯಾಪಾರಿಗೆ ಹತ್ತು ವರ್ಷಗಳಿಗೆ ಕಡಿಮೆಯಿಲ್ಲದ ಕಠಿಣ ಶಿಕ್ಷೆಯನ್ನು ವಿಧಿಸುವ ಆ ಕಾಯಿದೆಯೇ ವ್ಯಸನಿಗಾಗಿ ಬೇರೆ ಎರಡು ಬಾಗಿಲುಗಳನ್ನು ತೆರೆದಿಟ್ಟಿದೆ.

ಮೊದಲನೆಯ ಬಾಗಿಲು 64ಎ ಕಲಮು. ಸೇವನೆಯ ಅಪರಾಧಕ್ಕಾಗಿಯಾಗಲಿ ಅಲ್ಪಪ್ರಮಾಣದ ಅಪರಾಧಕ್ಕಾಗಿಯಾಗಲಿ ಆರೋಪಕ್ಕೆ ಗುರಿಯಾದ ವ್ಯಸನಿಯು ತಾನಾಗಿಯೇ ಮುಂದೆ ಬಂದು, ಸರಕಾರವು ನಡೆಸುವ ಇಲ್ಲವೆ ಮಾನ್ಯಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಯನ್ನು ಪಡೆದರೆ ಅವನ ಮೇಲೆ ಮೊಕದ್ದಮೆಯು ನಡೆಯುವುದಿಲ್ಲ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಆ ರಕ್ಷಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಎರಡನೆಯ ಬಾಗಿಲು 39ನೆಯ ಕಲಮು. ಅಪರಾಧವು ಸಿದ್ಧವಾದ ಮೇಲೆಯೂ ನ್ಯಾಯಾಧೀಶರು ಅವನ ವಯಸ್ಸು, ನಡತೆ, ಹಿಂದಿನ ಚರಿತ್ರೆ, ದೇಹಮನಸ್ಸುಗಳ ಸ್ಥಿತಿ ಇವನ್ನು ನೋಡಿ, ಕೂಡಲೆ ಸೆರೆಮನೆಗೆ ಕಳುಹಿಸದೆ, ಅವನ ಒಪ್ಪಿಗೆಯಿಂದ ಚಿಕಿತ್ಸೆಗೆ ಬಿಡಬಹುದು. ಅವನು ಮುಚ್ಚಳಿಕೆಯನ್ನು ಬರೆದುಕೊಡಬೇಕು; ಒಂದು ವರ್ಷವನ್ನು ಮೀರದ ಅವಧಿಯೊಳಗೆ ಚಿಕಿತ್ಸೆಯ ಫಲದ ವರದಿಯನ್ನು ನ್ಯಾಯಾಲಯದ ಮುಂದೆ ತಂದೊಪ್ಪಿಸಬೇಕು. ವರದಿಯು ತೃಪ್ತಿಕರವಾಗಿದ್ದರೆ ಬುದ್ಧಿ ಹೇಳಿ, ಮೂರು ವರ್ಷಗಳವರೆಗಿನ ಮತ್ತೊಂದು ಮುಚ್ಚಳಿಕೆಯ ಮೇಲೆ ಅವನನ್ನು ಬಿಡಬಹುದು.

ಕಾಯಿದೆಯ ಕರುಣೆಯು ಇಲ್ಲಿ ಸ್ಪಷ್ಟವಾಗಿದೆ. ಆದರೆ ಕಾಯಿದೆಯು ವರ್ಷದ ಆದಿಯನ್ನೂ ಅಂತ್ಯವನ್ನೂ ಹೇಳಿತು. ನಡುವಣ ಮುನ್ನೂರ ಅರವತ್ತೈದು ದಿನಗಳನ್ನು ಆ ತರುಣನು ಯಾರೊಡನೆ ಕಳೆಯತಕ್ಕದ್ದೆಂಬುದನ್ನು ಹೇಳಲಿಲ್ಲ. ಮುಚ್ಚಳಿಕೆಯನ್ನು ಬರೆದು ಹೊರಬಂದ ಹುಡುಗನು ಬಸ್ಸನ್ನೇರಿ ವಾಮಂಜೂರಿನಲ್ಲಿ ಇಳಿದಾಗ ಅವನನ್ನು ಕಾದಿರುವವರು ಯಾರು? ಹಳೆಯ ಗೆಳೆಯರೇ ಕಾದಿರುತ್ತಾರೆ. ಚಿಕಿತ್ಸೆಯ ಗೆಲುವು ಸೋಲುಗಳು ಈ ನಡುವಣ ದಿನಗಳಲ್ಲಿಯೇ ನಿರ್ಣಯವಾಗತಕ್ಕವು.

ಈ ನಡುವಣ ದಿನಗಳನ್ನು ನ್ಯಾಯಾಲಯವೇ ಕೈಗೆತ್ತಿಕೊಂಡ ಪ್ರಯೋಗವೊಂದು ಅಮೇರಿಕ ದೇಶದಲ್ಲಿ ನಡೆಯಿತು. 1980ರ ದಶಕದಲ್ಲಿ ಫ್ಲಾರಿಡಾ ಸಂಸ್ಥಾನದ ಮಯಾಮಿಯಲ್ಲಿ ಕೊಕೇಯಿನ್ ಎಂಬ ದ್ರವ್ಯದ ಹಾವಳಿಯು ಹೆಚ್ಚಿ ಸೆರೆಮನೆಗಳು ತುಂಬಿಹೋದವು. ಹಿಡಿದವರನ್ನೇ ಮತ್ತೆ ಮತ್ತೆ ಹಿಡಿಯಬೇಕಾಗಿ ಬಂದಾಗ ಅಲ್ಲಿಯ ನ್ಯಾಯಾಧಿಕಾರಿಗಳು 1989ರಲ್ಲಿ ಹೊಸ ಬಗೆಯ ನ್ಯಾಯಪೀಠವನ್ನು ಸ್ಥಾಪಿಸಿದರು. ಅದಕ್ಕೆ ಡ್ರಗ್ ಕೋರ್ಟ್ ಎಂದು ಹೆಸರಾಯಿತು. ಅಲ್ಲಿ ನ್ಯಾಯಾಧೀಶರು ತೀರ್ಪನ್ನು ಹೇಳಿ ಕಡತವನ್ನು ಮುಚ್ಚುವುದಿಲ್ಲ. ಆರೋಪಿಯು ಚಿಕಿತ್ಸೆಯಲ್ಲಿರುವಷ್ಟು ಕಾಲವೂ ಅವರ ಮುಂದೆ ಮರಳಿ ಮರಳಿ ಬರಬೇಕು. ಮೂತ್ರಪರೀಕ್ಷೆಯ ಫಲವೇನು, ವೈದ್ಯರ ಬಳಿಗೆ ಹೋದನೆ, ಕೆಲಸ ಸಿಕ್ಕಿತೆ ಎಂಬುದನ್ನು ನ್ಯಾಯಾಧೀಶರೇ ವಿಚಾರಿಸುತ್ತಾರೆ. ಸರಕಾರಿ ವಕೀಲರೂ ಆರೋಪಿಯ ವಕೀಲರೂ ವೈದ್ಯರೂ ಪರಿವೀಕ್ಷಣಾಧಿಕಾರಿಗಳೂ ಅಲ್ಲಿ ಎದುರಾಳಿಗಳಾಗಿ ನಿಲ್ಲದೆ ಒಂದೇ ಮೇಜಿನ ಸುತ್ತ ಕುಳಿತು ಆಲೋಚಿಸುತ್ತಾರೆ. ಕೆನಡಾದ ಟೊರಾಂಟೋದಲ್ಲಿ 1998ರಲ್ಲಿಯೂ, ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಲ್ಲಿ 1999ರಲ್ಲಿಯೂ ಇದೇ ಪದ್ಧತಿಯು ಬಂದಿತು.

ಇದರಿಂದ ಆದ ಫಲವೇನು? 2012ರಲ್ಲಿ ವಿದ್ವಾಂಸರು 154 ಪರೀಕ್ಷಣೆಗಳನ್ನು ಒಟ್ಟುಗೂಡಿಸಿ ತೂಗಿದರು. ಸಾಮಾನ್ಯ ಮಾರ್ಗದಲ್ಲಿ ಹೋದವರಲ್ಲಿ ನೂರಕ್ಕೆ 50 ಮಂದಿ ಮತ್ತೆ ಅಪರಾಧಕ್ಕೆ ಇಳಿಯುವುದಾದರೆ, ವಯಸ್ಕರ ಡ್ರಗ್ ಕೋರ್ಟುಗಳಿಗೆ ಸೇರಿದವರಲ್ಲಿ ಸುಮಾರು 38 ಮಂದಿ ಮಾತ್ರ ಇಳಿಯುವರೆಂದು ಅವರು ಕಂಡರು. ನೂರಕ್ಕೆ ಹನ್ನೆರಡು ಮಂದಿ ಉಳಿದರೆಂಬುದು ಪವಾಡವಲ್ಲ. ಹನ್ನೆರಡು ಮನೆಗಳ ದೀಪವು ಆರದೆ ಉಳಿದುದು ಅಲ್ಪವೂ ಅಲ್ಲ. ಆದರೆ ಎಲ್ಲ ನ್ಯಾಯಾಲಯಗಳೂ ಸಮಾನವಾಗಿ ಫಲಿಸಲಿಲ್ಲ. ಒಂದೇ ನ್ಯಾಯಾಲಯದಲ್ಲಿಯೂ ಎಲ್ಲರೂ ಗುಣಹೊಂದಲಿಲ್ಲ. ಈ ವ್ಯತ್ಯಾಸಕ್ಕೆ ಕಾರಣಗಳಾವುವೆಂದು ಹುಡುಕಿದಾಗ ಕೆಲವು ಅಂಶಗಳು ಗೊತ್ತಾದವು. ಅವನ್ನು ಒಂದೊಂದಾಗಿ ನೋಡಬಹುದು.

ಮೊದಲನೆಯದು ಪಾತ್ರಾಪಾತ್ರವಿಚಾರ. ಕುತೂಹಲದಿಂದ ಒಮ್ಮೆ ಸೇದಿದವನಿಗೂ, ದ್ರವ್ಯವಿಲ್ಲದೆ ಬೆಳಗಾಗದವನಿಗೂ ಒಂದೇ ಔಷಧವು ಸಲ್ಲದು. ಕಠಿಣವಾದ ಪರಿವೀಕ್ಷಣೆಯಿಂದ ಹೆಚ್ಚು ಫಲವನ್ನು ಪಡೆಯುವವರು ವ್ಯಸನವು ಬಲವಾಗಿದ್ದು ಮರಳಿ ಬೀಳುವ ಭಯವುಳ್ಳವರೇ ಎಂದು ಸಂಶೋಧಕರು ಕಂಡುಕೊಂಡಿದ್ದಾರೆ. ಅಲ್ಪದೋಷದವನನ್ನು ಅಂಥವರ ನಡುವೆ ತಿಂಗಳುಗಟ್ಟಲೆ ಕುಳ್ಳಿರಿಸಿದರೆ ಅವನು ಗುಣಹೊಂದುವುದಕ್ಕಿಂತ ಕಲಿತು ಕೆಡುವುದೇ ಹೆಚ್ಚು. ಆದುದರಿಂದ ಚಿಕಿತ್ಸೆಗೆ ಮೊದಲು ವೈದ್ಯರ ಪರೀಕ್ಷೆಯು ನಡೆಯಬೇಕು. ತಂದೆತಾಯಿಗಳ ಭಯವಾಗಲಿ ನೆರೆಯವರ ಗಾಳಿಮಾತಾಗಲಿ ರೋಗನಿರ್ಣಯವಲ್ಲ.

ಎರಡನೆಯದು ಮರಳಿ ಕಾಣುವ ನಿಯಮವು. ಡೆಲಾವೇರ್ ಸಂಸ್ಥಾನದಲ್ಲಿ ನಡೆದ ಪ್ರಯೋಗಗಳಲ್ಲಿ, ಹಿಂದೆ ಚಿಕಿತ್ಸೆಯಲ್ಲಿ ಸೋತಿದ್ದವರೂ ಅಪರಾಧದ ಸ್ವಭಾವವು ಬಲಿತಿದ್ದವರೂ ಹದಿನೈದು ದಿನಗಳಿಗೊಮ್ಮೆ ನ್ಯಾಯಾಧೀಶರ ಮುಂದೆ ಬಂದಾಗ ಹೆಚ್ಚು ಕಾಲ ವ್ಯಸನದಿಂದ ದೂರವಿದ್ದರು. ಅಷ್ಟು ತೀವ್ರವಲ್ಲದವರಿಗೆ ಅಷ್ಟು ಸಲ ಬರುವುದು ಅವಶ್ಯವಾಗಲಿಲ್ಲ. ಬಿದ್ದವನನ್ನು ಆರು ತಿಂಗಳಿಗೊಮ್ಮೆ ನೋಡಿದರೆ ಕಾಣುವುದು ಅವನು ಬಿದ್ದ ಗುಂಡಿ. ಹದಿನೈದು ದಿನಗಳಿಗೊಮ್ಮೆ ನೋಡಿದರೆ ಕಾಣುವುದು ಅವನ ಎಡವುವ ಕಾಲು.

ಮೂರನೆಯದು ಪ್ರತಿಫಲದ ಶೀಘ್ರತೆಯು. ತಪ್ಪಿಗೆ ಸಣ್ಣದಾದರೂ ಕೂಡಲೆ ಬರುವ ನಿಶ್ಚಿತವಾದ ಶಿಕ್ಷೆಯು, ಯಾವಾಗಲೋ ಬರಬಹುದಾದ ಭಯಂಕರ ಶಿಕ್ಷೆಗಿಂತ ಮೇಲು. ಪರೀಕ್ಷೆಗೆ ತಪ್ಪಿಸಿಕೊಂಡವನಿಗೆ ಅದೇ ವಾರ ಎಚ್ಚರಿಕೆ, ಹೆಚ್ಚಿನ ಹಾಜರಿ, ಸಮಾಜಸೇವೆಯ ಕೆಲಸ, ಹೀಗೆ ಮೆಟ್ಟಲುಮೆಟ್ಟಲಾಗಿ ಏರಬೇಕು. ಒಂದು ತಿಂಗಳು ಶುದ್ಧವಾಗಿದ್ದವನಿಗೆ ನಾಲ್ವರ ಮುಂದೆ ಮೆಚ್ಚುಗೆಯ ಮಾತೂ ಅಷ್ಟೇ ಅವಶ್ಯವು. ಜೀವಮಾನದಲ್ಲಿ ಬೈಗಳನ್ನೇ ಕೇಳಿದವನಿಗೆ ಒಂದು ಶಾಬಾಸ್ ಎಂಬುದು ಹೊಸ ಭಾಷೆ. ಅದನ್ನು ಕಲಿಸಿದರೆ ಅವನು ಮತ್ತೆ ಕೇಳಬಯಸುತ್ತಾನೆ.

ನಾಲ್ಕನೆಯದು ನ್ಯಾಯಾಧೀಶರ ನಡೆನುಡಿ. 2011ರಲ್ಲಿ ಪ್ರಕಟವಾದ ಒಂದು ದೊಡ್ಡ ಸಂಶೋಧನೆಯು ಅಮೇರಿಕದ 23 ಡ್ರಗ್ ಕೋರ್ಟುಗಳಿಗೆ ಸೇರಿದವರನ್ನು ಹದಿನೆಂಟು ತಿಂಗಳ ಕಾಲ ಹಿಂಬಾಲಿಸಿ ನೋಡಿತು. ಗುಣಕ್ಕೆ ಕಾರಣವಾದ ಬಲವಾದ ಅಂಶಗಳಲ್ಲಿ, ನ್ಯಾಯಾಧೀಶರು ತನ್ನ ಮಾತನ್ನು ಕೇಳಿದರು, ತನ್ನನ್ನು ಮನುಷ್ಯನೆಂದು ಗೌರವಿಸಿದರು, ಪಕ್ಷಪಾತವಿಲ್ಲದೆ ನಡೆಸಿದರು ಎಂಬ ಭಾವನೆಯೂ ಒಂದೆಂದು ಅದರಿಂದ ತಿಳಿದುಬಂದಿತು. ಅವನ ಹೆಸರು ಹಿಡಿದು ಕರೆದು, ಹೋದ ಸಲ ಹೇಳಿದ ಮಾತನ್ನು ನೆನಪಿಟ್ಟು ಕೇಳುವ ನ್ಯಾಯಾಧೀಶರು ವೈದ್ಯರ ಔಷಧದಷ್ಟೇ ಕೆಲಸ ಮಾಡುತ್ತಾರೆ. ನಿಷ್ಠುರತೆಯೂ ಗೌರವವೂ ಒಂದೇ ಬಾಯಿಯಿಂದ ಬರಬಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಐದನೆಯದು ಚಿಕಿತ್ಸೆಯ ಕಾಲವೂ ಯೋಗ್ಯತೆಯೂ. ಮೂರು ತಿಂಗಳುಗಳಿಗೆ ಕಡಿಮೆಯಾದ ಚಿಕಿತ್ಸೆಯಿಂದ ಸಿಗುವ ಫಲವು ಅಲ್ಪವೆಂದು ಪರಿಣತರು ಹೇಳುತ್ತಾರೆ. ಡ್ರಗ್ ಕೋರ್ಟುಗಳ ಕ್ರಮವು ಸಾಧಾರಣವಾಗಿ ಒಂದು ವರ್ಷದಿಂದ ಒಂದೂವರೆ ವರ್ಷದವರೆಗೆ ನಡೆಯುತ್ತದೆ. ಹೆರಾಯಿನ್ ಮುಂತಾದ ಅಫೀಮಿನ ಜಾತಿಯ ದ್ರವ್ಯಗಳ ವ್ಯಸನಕ್ಕೆ ಬುಪ್ರಿನಾರ್ಫಿನ್, ಮೆಥಡೋನ್ ಎಂಬ ಔಷಧಗಳಿವೆ. ವೈದ್ಯರ ಆಜ್ಞೆಯಂತೆ ಇವನ್ನು ಬಹುಕಾಲ ತೆಗೆದುಕೊಳ್ಳುವುದು ಒಂದು ಚಟದ ಬದಲು ಇನ್ನೊಂದು ಚಟವಲ್ಲ. ಗಾಂಜಾಕ್ಕೆ ಅಂಥ ನಿಶ್ಚಿತವಾದ ಔಷಧವಿಲ್ಲ. ಅಲ್ಲಿ ಆಪ್ತಸಮಾಲೋಚನೆಯೂ ದಿನಚರಿಯ ಬದಲಾವಣೆಯೂ ಮುಖ್ಯವು. ಬಹುಕಾಲ ಅತಿಯಾಗಿ ಮದ್ಯಪಾನ ಮಾಡಿದವನು ಒಮ್ಮಿಂದೊಮ್ಮೆ ಬಿಟ್ಟರೆ ಸನ್ನಿಯೂ ಅಪಸ್ಮಾರವೂ ಬಂದು ಪ್ರಾಣಾಪಾಯವಾಗಬಹುದು. ಆದುದರಿಂದ ದೇವರ ಮುಂದೆ ಆಣೆ ಮಾಡಿಸಿದ ದಿನವೇ ವೈದ್ಯರ ಬಳಿಗೂ ಕರೆದುಕೊಂಡು ಹೋಗತಕ್ಕದ್ದು. ಕೆಲವು ಕಡೆಗಳಲ್ಲಿ ವ್ಯಸನಮುಕ್ತಿಯ ಹೆಸರಿನಲ್ಲಿ ಹೊಡೆದು ಕಟ್ಟಿಹಾಕುವ ಕ್ರೂರ ಪದ್ಧತಿಯೂ ಇದ್ದಿತು. 2017ರ ಮಾನಸಿಕ ಆರೋಗ್ಯಪಾಲನಾ ಕಾಯಿದೆಯು ಮದ್ಯ ಮತ್ತು ಮಾದಕದ್ರವ್ಯಗಳಿಂದಾಗುವ ಮನೋವಿಕಾರಗಳನ್ನೂ ರೋಗಗಳಲ್ಲಿ ಸೇರಿಸಿದೆ. ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಮಗನನ್ನು ಸೇರಿಸುವುದಕ್ಕೆ ಮೊದಲು ಆ ಸಂಸ್ಥೆಯು ನೋಂದಾಯಿತವಾಗಿದೆಯೋ ಎಂದು ಕೇಳುವುದು ತಂದೆತಾಯಿಗಳ ಹಕ್ಕು.

ಆರನೆಯದು ಮನೆಯೂ ಕೆಲಸವೂ. ಓದುಬರಹವುಳ್ಳವರು, ಕೈಯಲ್ಲಿ ಕೆಲಸವಿದ್ದವರು, ಮನೆಯವರು ಜೊತೆಗೆ ನಿಂತವರು ಚಿಕಿತ್ಸೆಯನ್ನು ಮುಗಿಸುವುದು ಹೆಚ್ಚು. ಎಳೆಯ ವಯಸ್ಸಿನಲ್ಲಿಯೇ ವ್ಯಸನಕ್ಕೆ ಬಿದ್ದವರು, ನಿರುದ್ಯೋಗಿಗಳು, ಮನೆಯಿಲ್ಲದವರು ನಡುವೆ ಬಿಡುವುದು ಹೆಚ್ಚು ಎಂದು ಅನೇಕ ಪರೀಕ್ಷಣೆಗಳಲ್ಲಿ ಕಂಡುಬಂದಿದೆ. ಈ ಒಂದು ಅಂಶವು ನ್ಯಾಯಾಧೀಶರ ಕೈಯಲ್ಲಿಲ್ಲ, ವೈದ್ಯರ ಕೈಯಲ್ಲಿಯೂ ಇಲ್ಲ. ಅದು ಊರಿನವರ ಕೈಯಲ್ಲಿದೆ.

ಇವೆಲ್ಲವೂ ಕೂಡಿದರೂ ಕೆಲವರು ಮರಳಿ ಬೀಳುತ್ತಾರೆ. ಚಿಕಿತ್ಸೆಯನ್ನು ಪಡೆದವರಲ್ಲಿ ನೂರಕ್ಕೆ 40ರಿಂದ 60 ಮಂದಿಗೆ ವ್ಯಸನವು ಮರುಕಳಿಸುವುದುಂಟೆಂದು ಅಮೇರಿಕದ ರಾಷ್ಟ್ರೀಯ ಸಂಸ್ಥೆಯೊಂದು ಲೆಕ್ಕಹಾಕಿದೆ. ರಕ್ತದೊತ್ತಡ, ಉಬ್ಬಸ ಮೊದಲಾದ ದೀರ್ಘರೋಗಗಳಲ್ಲಿಯೂ ಹೀಗೆಯೇ. ಸಕ್ಕರೆಕಾಯಿಲೆಯವನು ಮದುವೆಮನೆಯಲ್ಲಿ ಹೋಳಿಗೆ ತಿಂದು ಕಾಯಿಲೆ ಏರಿದರೆ ಅವನನ್ನು ಮನೆಯಿಂದ ಹೊರಗೆ ಹಾಕುವವರಿಲ್ಲ. ಔಷಧವನ್ನು ಸರಿಪಡಿಸಿ ಮುಂದೆ ನಡೆಯುತ್ತಾರೆ. ವ್ಯಸನಿಯ ಒಂದು ಎಡವಟ್ಟನ್ನು ಅವನ ಸಮಸ್ತ ಪ್ರಯತ್ನದ ಅಂತ್ಯವೆಂದು ತಿಳಿದವರೇ ಅವನನ್ನು ಹಳೆಯ ಗೆಳೆಯರ ಕೈಗೆ ಒಪ್ಪಿಸುತ್ತಾರೆ.

ಪರದೇಶದ ನ್ಯಾಯಪೀಠಗಳಲ್ಲಿ ಕಂಡ ಈ ಸತ್ಯವು ಕನ್ನಡನಾಡಿನ ಮಠಕ್ಷೇತ್ರಗಳಲ್ಲಿ ಬೇರೆ ರೂಪದಿಂದ ಮೊದಲೇ ಪ್ರಕಟವಾಗಿದ್ದಿತು. ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಮಠದ ಪೂಜ್ಯ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆಯನ್ನು ಹೆಗಲಿಗೇರಿಸಿ ಮನೆಮನೆಗೆ ನಡೆದರು. ಆ ಜೋಳಿಗೆಗೆ ಅವರು ಬೇಡಿದ ಭಿಕ್ಷೆಯು ಕಾಳೂ ಅಲ್ಲ, ಕಾಸೂ ಅಲ್ಲ, ಭಕ್ತರ ದುಶ್ಚಟಗಳು. ಕುಡಿತವನ್ನು, ತಂಬಾಕನ್ನು ಜೋಳಿಗೆಗೆ ಹಾಕಿ ಮತ್ತೆ ಮುಟ್ಟೆನೆಂದು ವಚನವನ್ನು ಕೊಡಬೇಕಾಗಿತ್ತು. 2018ರಲ್ಲಿ ಲಿಂಗೈಕ್ಯರಾಗುವವರೆಗೂ ಅವರು ಈ ಕಾರ್ಯವನ್ನು ಬಿಡಲಿಲ್ಲ. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ವ್ಯಸನಿಯು ಮಠಕ್ಕೆ ಬರಲೆಂದು ಅವರು ಕಾಯಲಿಲ್ಲ. ಮಠವನ್ನೇ ವ್ಯಸನಿಯ ಬಾಗಿಲಿಗೆ ಕೊಂಡುಹೋದರು. ಜಂಗಮವೆಂಬ ಶಬ್ದದ ಅರ್ಥವೇ ಇದು.

ಇದೇ ಜಿಲ್ಲೆಯಲ್ಲಿ 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಜನಜಾಗೃತಿ ವೇದಿಕೆಯ ಮೂಲಕ ಸಾವಿರಕ್ಕೂ ಮಿಕ್ಕಿ ಮದ್ಯವರ್ಜನ ಶಿಬಿರಗಳನ್ನು ನಡೆಸಿದೆ. ಊರಿನ ಜನರೇ ಸಮಿತಿಯನ್ನು ಕಟ್ಟಿ ಶಿಬಿರದ ಭಾರವನ್ನು ಹೊರುತ್ತಾರೆ, ಮನೆಯವರನ್ನೂ ಕರೆಯುತ್ತಾರೆ. ಸುಮಾರು ಎಂಟು ದಿನಗಳಲ್ಲಿ ಮುಗಿಯುವ ಶಿಬಿರದಿಂದ ವರ್ಷಗಳ ವ್ಯಸನವು ಹೋದೀತೇ ಎಂಬ ಸಂಶಯಕ್ಕೆ ಉತ್ತರವು ಶಿಬಿರದ ನಂತರದ ನವಜೀವನ ಸಮಿತಿಗಳಲ್ಲಿದೆ. ಕುಡಿತವನ್ನು ಬಿಟ್ಟವರು ಅಲ್ಲಿ ಮತ್ತೆ ಮತ್ತೆ ಸೇರಿ ಒಬ್ಬರನ್ನೊಬ್ಬರು ವಿಚಾರಿಸುತ್ತಾರೆ. ಮದ್ಯವೂ ಗಾಂಜಾವೂ ಕಾಯಿದೆಯ ದೃಷ್ಟಿಯಲ್ಲಿ ಬೇರೆಬೇರೆಯಾದರೂ, ಬಿಟ್ಟವನನ್ನು ಮರಳಿ ಮರಳಿ ಕಾಣಬೇಕೆಂಬ ಸೂತ್ರವು ಒಂದೇ.

ನಿಷೇಧವೊಂದೇ ಸಾಕಾಗುವುದಾದರೆ ಈ ಜಿಲ್ಲೆಗೆ ಇಷ್ಟೆಲ್ಲವೂ ಬೇಕಾಗುತ್ತಿರಲಿಲ್ಲ. ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದಾಗ, 1948ರ ಅಕ್ಟೋಬರ್ 2ರ ಹೊತ್ತಿಗೆ ಆ ಪ್ರಾಂತದಲ್ಲೆಲ್ಲ ಪಾನನಿರೋಧವು ಜಾರಿಗೆ ಬಂದಿತ್ತು. ಕಾಯಿದೆಯು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲದು. ಆಸೆಯ ಬಾಗಿಲನ್ನು ಮುಚ್ಚಲು ಬೇರೆ ಕೈಗಳು ಬೇಕು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಥ ಕೈಗಳಿದ್ದವು. ಹೆಂಡ ಮಾರುತ್ತಿದ್ದ ಮಾರಯ್ಯನೂ, ಕನ್ನ ಕೊರೆಯುತ್ತಿದ್ದ ಮಾರಿತಂದೆಯೂ ಶರಣರ ಪಂಕ್ತಿಯಲ್ಲಿ ಕುಳಿತರು. ಅವರ ಹಳೆಯ ಕಸುಬಿನ ಹೆಸರನ್ನು ಶರಣಸಂಕುಲವು ಅಳಿಸಲೂ ಇಲ್ಲ, ಅದಕ್ಕಾಗಿ ಅವರನ್ನು ಹೀಯಾಳಿಸಲೂ ಇಲ್ಲ. ಹೆಂಡದ ಮಾರಯ್ಯ, ಕನ್ನದ ಮಾರಿತಂದೆ ಎಂದೇ ಅವರು ಇಂದಿಗೂ ಪೂಜ್ಯರು. ಒಬ್ಬನ ಹಿಂದಿನ ದಾರಿಯನ್ನು ಮರೆಯದೆಯೂ ಅವನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಬಹುದೆಂಬ ಪಾಠವು ಅವರ ಹೆಸರುಗಳಲ್ಲಿಯೇ ಇದೆ.

ಹಾಗಾದರೆ ಇಂದಿನ ಭಕ್ತರು ಮಾಡತಕ್ಕದ್ದೇನು? ಮಠವು ನ್ಯಾಯಾಲಯವಾಗಬೇಕಾಗಿಲ್ಲ, ಆಸ್ಪತ್ರೆಯೂ ಆಗಬೇಕಾಗಿಲ್ಲ. ಆ ಎರಡರ ನಡುವೆ ಬರಿದಾಗಿರುವ ದಾರಿಯಲ್ಲಿ ಒಬ್ಬ ಸಂಗಾತಿಯನ್ನು ಒದಗಿಸಿದರೆ ಸಾಕು. ಮಗನು ಸಿಕ್ಕಿಬಿದ್ದಾನೆಂದು ತಿಳಿದ ತಂದೆತಾಯಿಗಳು ಮರ್ಯಾದೆಗೆ ಅಂಜಿ ಮುಚ್ಚಿಡದೆ 64ಎ, 39 ಎಂಬ ಕಲಮುಗಳ ವಿಷಯವನ್ನು ವಕೀಲರೊಡನೆ ಕೇಳುವಂತೆ ತಿಳಿಸಬೇಕು. ಹಣವಿಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಂಥ ಸರಕಾರಿ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಮೊದಲನೆಯ ಸಲ ಹೋಗುವಾಗ ಜೊತೆಗೆ ಹೋಗಬೇಕು. 14446 ಎಂಬ ಸರಕಾರದ ಉಚಿತ ದೂರವಾಣಿಯ ಸಂಖ್ಯೆಯನ್ನು ಮಠದ ಗೋಡೆಯ ಮೇಲೆ ಬರೆಯಿಸಬೇಕು. ಚಿಕಿತ್ಸೆಯಲ್ಲಿರುವವನನ್ನು ಊರಿನ ಹಿರಿಯರೊಬ್ಬರು ವಾರಕ್ಕೊಮ್ಮೆಯಾದರೂ ಕಾಣಬೇಕು. ಪರೀಕ್ಷಿಸುವುದಕ್ಕಾಗಿ ಅಲ್ಲ, ಮಾತನಾಡಿಸುವುದಕ್ಕಾಗಿ. ದಾಸೋಹದ ಪಂಕ್ತಿಯಲ್ಲಿ ಬಡಿಸುವ ಕೆಲಸವನ್ನು ಅವನಿಗೆ ಕೊಡಬೇಕು. ಅಂಗಡಿಯೋ ಕಾರ್ಖಾನೆಯೋ ಉಳ್ಳ ಭಕ್ತರು ಅವನಿಗೊಂದು ಕಾಯಕವನ್ನು ಕೊಡುವ ಧೈರ್ಯವನ್ನು ತೋರಿಸಬೇಕು. ಇವುಗಳಲ್ಲಿ ಕೊನೆಯದೇ ಕಷ್ಟವಾದುದು. ದೂರದಲ್ಲಿ ನಿಂತು ಮರುಗುವುದು ಸುಲಭ. ಗಲ್ಲದ ಬಳಿ ಕುಳ್ಳಿರಿಸಿ ಬೀಗದ ಕೈಯನ್ನು ನಂಬಿ ಕೊಡುವುದು ಸುಲಭವಲ್ಲ. ನಂಬಿಕೆಗೆ ಎಚ್ಚರವೂ ಜೊತೆಗಿರಲಿ. ಮೊದಲು ಸಣ್ಣ ಕೆಲಸ, ಆಮೇಲೆ ದೊಡ್ಡದು. ನ್ಯಾಯಪೀಠಗಳ ಅನುಭವವೂ ಮೆಟ್ಟಲುಮೆಟ್ಟಲಾಗಿ ಏರಿಸಬೇಕೆಂದೇ ಹೇಳುತ್ತದೆ.

ನ್ಯಾಯಾಲಯದ ಹೊರಗೆ ನಿಂತ ಆ ತಾಯಿಯ ಪ್ರಶ್ನೆಗೆ ಈಗಲೂ ನಿಶ್ಚಿತವಾದ ಉತ್ತರವಿಲ್ಲ. ಮಗನು ಸರಿಯಾಗಬಹುದು; ಒಂದೆರಡು ಸಲ ಬಿದ್ದು ಸರಿಯಾಗಬಹುದು; ಆಗದೆಯೂ ಇರಬಹುದು. ಆದರೆ ಉತ್ತರದ ಒಂದು ಭಾಗವು ಊರಿನವರ ಕೈಯಲ್ಲಿದೆಯೆಂಬುದು ನಿರ್ವಿವಾದವು. ವರ್ಷದ ಕೊನೆಯಲ್ಲಿ ಅವನು ವರದಿಯನ್ನು ಹಿಡಿದು ನ್ಯಾಯಾಧೀಶರ ಮುಂದೆ ನಿಲ್ಲುವ ದಿನ ತಾಯಿಯೊಬ್ಬಳೇ ಅವನ ಹಿಂದೆ ನಿಂತಿರುವಳೋ, ವಾಮಂಜೂರಿನಿಂದ ಬಂದ ನಾಲ್ಕು ಮಂದಿ ಶರಣರೂ ನಿಂತಿರುವರೋ ಎಂಬುದನ್ನು ಈ ಸಭೆಯಲ್ಲಿ ಕುಳಿತವರೇ ನಿಶ್ಚಯಿಸಬೇಕಾಗಿದೆ.

ಗುರುಕರುಣೆಯು ಎಲ್ಲ ಮನೆಗಳ ಮಕ್ಕಳ ಮೇಲೂ ಇರಲಿ. ಸರ್ವರಿಗೂ ಮಂಗಳವಾಗಲಿ.